ಆರು ತಿಂಗಳ ಋಣ

(ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಇಪ್ಪತ್ತೆರಡು ವರ್ಷಗಳಿಂದ ಈ ಮುಂಬಯಿಯ ಹೊಟೇಲುಗಳಲ್ಲಿ ದುಡಿಯುತ್ತಿರುವವನು. ಲೋಟ ತೊಳೆಯುವ ಕೆಲಸದಿಂದ ಆರಂಭಿಸಿ ಈಗ ದೋಸೆಯ ಕಾವಲಿಯ ಮುಂದೆ ನಿಂತಿದ್ದೇನೆ. "ನಿಮ್ಮ ಕಾಯಿಲೆಯ ಸಂಗತಿಯನ್ನು ನಾಲ್ಕು ಜನರ ಮುಂದೆ ಹೇಳಿ" ಎಂದು ಕಾರ್ಯದರ್ಶಿಗಳು ಕೇಳಿದಾಗ ಮೊದಲು ನಾಚಿಕೆಯಾಯಿತು. ಆ ನಾಚಿಕೆಯೇ ನನ್ನನ್ನು ಸಾವಿನ ಬಾಗಿಲಿಗೆ ಒಯ್ದಿತ್ತೆಂಬುದು ನೆನಪಾಗಿ ಒಪ್ಪಿಕೊಂಡೆ.

ನನಗೆ ಬಂದದ್ದು ಕ್ಷಯರೋಗ. ಮೊದಲು ಒಣ ಕೆಮ್ಮು. ಒಲೆಯ ಹೊಗೆಯೆಂದುಕೊಂಡೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಕಾವಲಿಯ ಝಳವೆಂದುಕೊಂಡೆ. ಔಷಧಿ ಅಂಗಡಿಯಿಂದ ಕೆಮ್ಮಿನ ಸೀಸೆ ತಂದು ಕುಡಿದೆ. ಒಂದು ಮುಗಿಯಿತು, ಎರಡು ಮುಗಿಯಿತು, ಐದೂ ಮುಗಿದವು. ಮನಸ್ಸಿನೊಳಗೆ ಅನುಮಾನವಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ಹೆಸರು ಹೊರಬಿದ್ದರೆ ಖೋಲಿಯವರು ಹಾಸಿಗೆ ಹೊರಗಿಡುವರು, ಧನಿಗಳು ಕೆಲಸ ಬಿಡಿಸುವರು, ಊರಿನಲ್ಲಿ ಮಗಳಿಗೆ ಕೂಡಿಬರುತ್ತಿದ್ದ ಸಂಬಂಧ ಮುರಿದುಹೋಗುವುದು ಎಂಬ ಹೆದರಿಕೆ. ಹೀಗೆ ನಾಲ್ಕು ತಿಂಗಳು ಮುಚ್ಚಿಟ್ಟೆ. ಒಂದು ಮುಂಜಾನೆ ಬಚ್ಚಲಿನಲ್ಲಿ ರಕ್ತ ಬಿತ್ತು.

ಅದನ್ನು ಕಂಡವರು ನಮ್ಮ ಖೋಲಿಯ ಹಿರಿಯರೊಬ್ಬರು. ಅವರು ಬೈಯಲಿಲ್ಲ. "ತಮ್ಮಾ, ಇವತ್ತು ಕೆಲಸ ಬೇಡ. ಅಂಗಿ ಹಾಕಿಕೋ, ಆಸ್ಪತ್ರೆಗೆ ಹೋಗುವ. ಧನಿಗಳಿಗೆ ನಾನು ಹೇಳುತ್ತೇನೆ" ಎಂದರು. ಅಷ್ಟೇ ಮಾತು.

ಮಹಾನಗರಪಾಲಿಕೆಯ ಆಸ್ಪತ್ರೆಗೆ ಹೋದೆವು. ನಮ್ಮವರು ಇಂಥ ಸ್ಥಳವನ್ನು ಇಂದಿಗೂ "ಧರ್ಮಾಸ್ಪತ್ರೆ" ಎನ್ನುತ್ತಾರೆ. ಹೇಳುವಾಗ ಮೂಗು ಸ್ವಲ್ಪ ಮುರಿಯುವುದೂ ಉಂಟು. ಸಾಲು ಉದ್ದವಿತ್ತು, ಕೂರಲು ಜಾಗವಿರಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಕಫ ಪರೀಕ್ಷೆಗೆ, ಎಕ್ಸ್‌ರೇಗೆ, ಔಷಧಿಗೆ ಒಂದು ಕಾಸೂ ಕೇಳಲಿಲ್ಲ. ಸುಮಾರು ಎರಡು ಗಂಟೆಯಲ್ಲಿ ಕ್ಷಯದ ಅಣುಜೀವಿಯನ್ನು ಗುರುತಿಸಿ, ಅದು ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ಬಗ್ಗುವುದೋ ಇಲ್ಲವೋ ಎಂಬುದನ್ನೂ ಹೇಳುವ ಯಂತ್ರ ಅಲ್ಲಿತ್ತು. ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು. ಪೌಷ್ಟಿಕ ಆಹಾರಕ್ಕೆಂದು ಬ್ಯಾಂಕಿನ ಖಾತೆಗೆ ಹಣವೂ ಬಂತು. 2018ರಲ್ಲಿ ತಿಂಗಳಿಗೆ 500 ರೂಪಾಯಿಯಂತೆ ಆರಂಭವಾದ ಈ ಸಹಾಯ 2024ರ ನವೆಂಬರಿನಿಂದ 1,000 ರೂಪಾಯಿಯಾಗಿದೆ.

ಬಂಧುಗಳೇ, ಈಗ ನನ್ನ ಎರಡು ತಪ್ಪುಗಳನ್ನು ಹೇಳಬೇಕು.

ಮೂರನೆಯ ತಿಂಗಳಲ್ಲಿ ಕೆಮ್ಮು ನಿಂತಿತು, ಹಸಿವೆ ಮರಳಿತು. ವಾಸಿಯಾಯಿತೆಂದು ತಿಳಿದು ಮಾತ್ರೆ ಬಿಟ್ಟೆ. ಒಂಬತ್ತನೆಯ ದಿನ ಆರೋಗ್ಯ ಕಾರ್ಯಕರ್ತೆಯೊಬ್ಬರು ನಮ್ಮ ಚಾಳಿನ ಮೂರು ಮಾಳಿಗೆ ಹತ್ತಿ ಬಂದರು. ಏದುಸಿರು ಬಿಡುತ್ತಲೇ ಮರಾಠಿಯಲ್ಲಿ ಕೇಳಿದರು: "ದಾದಾ, ಮಾತ್ರೆ ಸಾಕೆಂದು ಯಾರು ಹೇಳಿದರು?" ಅರ್ಧಕ್ಕೆ ಬಿಟ್ಟರೆ ರೋಗ ಮರುಕಳಿಸಬಹುದು, ಆಗ ಇದೇ ಮಾತ್ರೆಗೆ ಅದು ಬಗ್ಗದೆ ಹೋಗಬಹುದು ಎಂದು ತಿಳಿಹೇಳಿದರು. ಈ ಊರಿನಲ್ಲಿ ಒಂಬತ್ತು ದಿನ ನಾನು ಕಾಣದಿದ್ದರೆ ಹುಡುಕುವವರು ಯಾರು? ಆ ತಾಯಿ ಹುಡುಕಿ ಬಂದರು. ಅವರು ಕೂಡ ನಮ್ಮಂತೆಯೇ ಸಣ್ಣ ಸಂಬಳದ ದುಡಿಮೆಗಾರರು. ಅವರನ್ನು ನೆನೆದಾಗಲೆಲ್ಲ ನನ್ನ ಕೈ ತಾನಾಗಿಯೇ ಮುಗಿಯುತ್ತದೆ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಖೋಲಿಯ ಹನ್ನೊಂದು ಜನರನ್ನೂ ಪರೀಕ್ಷಿಸಿದರು. ನನ್ನ ಪಕ್ಕದಲ್ಲಿ ಮಲಗುತ್ತಿದ್ದ ಹತ್ತೊಂಬತ್ತು ವರ್ಷದ ಹುಡುಗನಿಗೂ ರೋಗ ತಗಲಿತ್ತು. ನನ್ನಿಂದಲೇ ಬಂತೋ ಬೇರೆಲ್ಲಿಂದಲೋ, ಹೇಳಬಲ್ಲವರಿಲ್ಲ. ಆದರೆ ನಾಲ್ಕು ತಿಂಗಳು ನಾನು ಮುಚ್ಚಿಟ್ಟು ಕೆಮ್ಮಿದ್ದು ಅವನ ಪಕ್ಕದಲ್ಲಿ. ಅವನ ಮಾತ್ರೆ ಇನ್ನೂ ಎರಡು ತಿಂಗಳಿದೆ. ಪ್ರತಿ ಮುಂಜಾನೆ ನಾನೇ ನೀರು ಕೊಟ್ಟು ನುಂಗಿಸುತ್ತೇನೆ.

ಈ ಚಿಕಿತ್ಸೆ ನಮ್ಮ ಖೋಲಿಯವರೆಗೆ ಬಂದ ದಾರಿಯನ್ನು ವೈದ್ಯರೊಬ್ಬರಿಂದ ಕೇಳಿ ತಿಳಿದೆ. ಹಿಂದೆ ಕ್ಷಯವೆಂದರೆ ತಿಂಗಳುಗಟ್ಟಲೆ ಸ್ಯಾನಟೋರಿಯಮ್ಮಿನ ವಾಸ; ಬಡವನಿಗೆ ಅಲ್ಲಿ ಹಾಸಿಗೆಯೆಲ್ಲಿ? 1956ರಲ್ಲಿ ಮದರಾಸಿನಲ್ಲಿ ಒಂದು ಪ್ರಯೋಗ ಆರಂಭವಾಯಿತು. ಬಡ ರೋಗಿಗಳಲ್ಲಿ ಕೆಲವರಿಗೆ ಸ್ಯಾನಟೋರಿಯಮ್ಮಿನಲ್ಲಿ, ಕೆಲವರಿಗೆ ಅವರ ಇಕ್ಕಟ್ಟಿನ ಮನೆಗಳಲ್ಲೇ ಒಂದು ವರ್ಷ ಔಷಧಿ ಕೊಟ್ಟು ನೋಡಿದರು. ಮನೆಯಲ್ಲಿ ಇದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು, ಮನೆಮಂದಿಗೆ ಅದರಿಂದ ಹೆಚ್ಚಿನ ಅಪಾಯವಾಗಲಿಲ್ಲ ಎಂದು 1959ರಲ್ಲಿ ಪ್ರಕಟವಾಯಿತು. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ, ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ಆಗಲೇ ಸರ್ಕಾರಿ ಆಸ್ಪತ್ರೆಗಳ ಬಾಗಿಲಿಗೆ ಹೋಗಿದ್ದರೆಂದೂ, ಕೆಮ್ಮಿನ ನೀರು ಕೊಟ್ಟು ಅವರನ್ನು ಹಿಂದೆ ಕಳುಹಿಸಲಾಗಿತ್ತೆಂದೂ ಕಂಡುಬಂತು. ಜನ ಅಜ್ಞಾನಿಗಳಾಗಿರಲಿಲ್ಲ, ಅವರ ಕಫವನ್ನು ನೋಡುವವರಿರಲಿಲ್ಲ. ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ, ಮನೆಯಲ್ಲೇ ಚಿಕಿತ್ಸೆ ಎಂಬ ರಾಷ್ಟ್ರೀಯ ಕಾರ್ಯಕ್ರಮ 1962ರಲ್ಲಿ ಈ ಅನುಭವಗಳ ಮೇಲೆ ನಿಂತಿತು. ಅದಾದ ಆರು ದಶಕಗಳ ಮೇಲೆ, ಅದೇ ಕೆಮ್ಮಿನ ನೀರನ್ನು ನಾನು ನನ್ನ ದುಡ್ಡು ಕೊಟ್ಟು ಕುಡಿದೆನಲ್ಲ!

ಆದುದರಿಂದ ಇದು ಯಾರೋ ಹಾಕಿದ ಭಿಕ್ಷೆಯೆಂದು ನಾನು ಒಪ್ಪಲಾರೆ. ನಾವು ಕೊಳ್ಳುವ ಸಾಬೂನಿನಲ್ಲೂ ಬೆಂಕಿಪೆಟ್ಟಿಗೆಯಲ್ಲೂ ತೆರಿಗೆಯ ಕಾಸಿದೆ. ಹಾಗೆ ಕೋಟಿ ಜನ ಕೂಡಿಸಿದ ಬೊಕ್ಕಸದಿಂದ ನನ್ನ ಮಾತ್ರೆ ಬಂತು. ಹಕ್ಕು ನಿಜ, ಋಣವೂ ನಿಜ. ಅದನ್ನು ಬರಿಯ ಬಾಯಿಮಾತಿನ ವಂದನೆಯಿಂದ ತೀರಿಸಲಾಗದು.

ನನ್ನ ಅರಿಕೆ ಮೂರು. ಎರಡು ವಾರಕ್ಕೂ ಮೀರಿ ಕೆಮ್ಮಿದವರು ಸೀಸೆ ಕೊಳ್ಳದೆ ಕಫ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೊಟೇಲಿನ ಧನಿಗಳು ರೋಗಿಯನ್ನು ಓಡಿಸದೆ ರಜೆ ಕೊಡಬೇಕು. ಸರಿಯಾದ ಔಷಧಿ ಆರಂಭವಾದ ಕೆಲವು ವಾರಗಳಲ್ಲೇ ರೋಗ ಹರಡುವುದು ಬಹಳ ಕುಗ್ಗುತ್ತದೆ; ವೈದ್ಯರು ಸರಿಯೆಂದ ಮೇಲೆ ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು. ಮೂರನೆಯದಾಗಿ, ಭಾಷೆ ಬಾರದ, ದಾರಿ ತಿಳಿಯದ ಹೊಸ ಹುಡುಗರ ಜೊತೆಯಲ್ಲಿ ಆಸ್ಪತ್ರೆಗೆ ಹೋಗಲು ನಮ್ಮ ಸಂಘವು ನಾಲ್ಕು ಜನರನ್ನು ಗೊತ್ತುಮಾಡಬೇಕು. ಅದರಲ್ಲಿ ಮೊದಲ ಹೆಸರು ನನ್ನದನ್ನು ಬರೆದುಕೊಳ್ಳಿ. ಮಂಗಳವಾರ ನನಗೆ ರಜೆ.