ತಲೆ ಎಣಿಸಿ ಅಕ್ಕಿ ಹಾಕೋದು

ನಾನು ಐಟಿಐ ಓದಿದ ಎಲೆಕ್ಟ್ರಿಷಿಯನ್. ಮೈಕ್ ರಿಪೇರಿ ಮಾಡಿ ಗೊತ್ತು, ಅದರ ಮುಂದೆ ನಿಂತು ಗೊತ್ತಿಲ್ಲ. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇದೇ ದೋಹಾದ ಒಂದು ಶಾಲೆಯಲ್ಲಿ ಎರಡು ವರ್ಷ ಮೇಂಟೆನೆನ್ಸ್ ಮಾಡಿದೆ. ಊಟದ ಹಾಲ್‌ನಲ್ಲಿ ಅನ್ನ-ಸಾರು ಬಿಸಿ ಇಡೋ ಕೌಂಟರ್ ಪದೇ ಪದೇ ಟ್ರಿಪ್ ಆಗೋದು. ಹಾಗಾಗಿ ಮಧ್ಯಾಹ್ನ ನಾನು ಅಲ್ಲೇ. ಊಟಕ್ಕೆ ಬಿಡುವು ಇಪ್ಪತ್ತು ನಿಮಿಷ, ಸಾಲಿನಲ್ಲಿ ನಿಲ್ಲೋದಕ್ಕೇ ಹತ್ತು ನಿಮಿಷ. ಆಮೇಲೆ ಆಟದ ಬೆಲ್. ಎರಡು ತುತ್ತು ತಿಂದು ಮಕ್ಕಳು ಓಡೋರು. ಇಡೀ ಸೇಬು, ಒಡೆಯದ ಹಾಲಿನ ಪೊಟ್ಟಣ, ಅನ್ನ, ಎಲ್ಲಾ ಒಂದೇ ಕಪ್ಪು ಚೀಲಕ್ಕೆ. ಮಕ್ಕಳ ತಪ್ಪು ಅಂತ ನಾನು ಹೇಳಲ್ಲ. ಮುಂದಿನ ಹಲ್ಲು ಬಿದ್ದಿರೋ ಮಗು ಇಡೀ ಸೇಬು ಹೇಗೆ ಕಚ್ಚಬೇಕು?

ಒಂದು ದಿನ ಮುಚ್ಚಳ ತೆಗೆಯದ ಆರು ಊಟದ ಡಬ್ಬಿ ಕ್ಯಾಂಪಿಗೆ ತಂದೆ. ಮರುದಿನ ವಾರ್ನಿಂಗ್ ಲೆಟರ್. ಚೀಲಕ್ಕೆ ಹೋಗೋದನ್ನ ತಗೊಂಡರೂ ಕಳ್ಳತನವಂತೆ! ಯಾರಿಗಾದರೂ ಹೊಟ್ಟೆ ಕೆಟ್ಟರೆ ಹೊಣೆ ಯಾರು ಅಂತಲೂ ಕೇಳಿದರು. ಆ ಮಾತು ಮಾತ್ರ ಸುಳ್ಳಲ್ಲ. ಬೇಯಿಸಿದ್ದು 60 ಡಿಗ್ರಿಗಿಂತ ಬಿಸಿ ಇರಬೇಕು, ಇಲ್ಲಾ 5 ಡಿಗ್ರಿಗಿಂತ ತಣ್ಣಗಿರಬೇಕು. ಆ ಥರ್ಮೋಸ್ಟಾಟ್ ಸೆಟ್ ಮಾಡಿದವನೇ ನಾನು.

ಬೇಜಾರಾಗಿ ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಅವ್ವ ಕೊಪ್ಪಳದ ಕಡೆ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡ್ತಾಳೆ. ಐದನೇ ಕ್ಲಾಸಿನವರೆಗೆ ತಲೆಗೆ 100 ಗ್ರಾಂ ಅಕ್ಕಿ, ಆರರಿಂದ ಎಂಟಕ್ಕೆ 150 ಗ್ರಾಂ ಲೆಕ್ಕ. ಬೆಳಿಗ್ಗೆ ಮೊದಲು ಹಾಜರಿ, ಆಮೇಲೆ ಒಲೆ. "ತಲಿ ಎಣಿಸದ ಅಕ್ಕಿ ಹಾಕಬಾರದಪಾ. ಸಣ್ಣವಕ್ಕ ಸ್ವಲ್ಪ ಸ್ವಲ್ಪ ನೀಡಬೇಕು, ಬೇಕಂದ್ರ ಮತ್ತ ನೀಡಬೇಕು" ಅಂದಳು.

ಇದನ್ನೇ ಕ್ಯಾಂಟೀನಿನ ಸೂಪರ್‌ವೈಸರ್‌ಗೆ ಹೇಳಿದೆ. ಮಲಯಾಳಿ, ಒಳ್ಳೆ ಮನುಷ್ಯ. ನಕ್ಕ, ಆದರೆ ಮುಂದಿನ ವಾರವೇ ಸೇಬು ಹೋಳು ಮಾಡಿಸಿದ. ಬೆಳಿಗ್ಗೆ ಎಂಟಕ್ಕೆ ಕ್ಲಾಸಿನಿಂದ ತಲೆ ಲೆಕ್ಕ ತರಿಸೋಕೆ ಶುರು ಮಾಡಿದ. ದಿನಕ್ಕೆ ನಾಲ್ಕು ಚೀಲ ಇದ್ದದ್ದು ಎರಡಕ್ಕೆ ಬಂತು. ಹಾಲು ಈಗಲೂ ಹೋಗ್ತಿದೆಯಂತೆ. ನನ್ನ ವಾರ್ನಿಂಗ್ ಲೆಟರ್ ಫೈಲಿನಲ್ಲೇ ಇದೆ.

ನಮ್ಮ ಕ್ಯಾಂಪಿನ ಮೆಸ್ಸಲ್ಲೂ ಶುಕ್ರವಾರ ಅರ್ಧ ಜನ ಹೊರಗೆ ಹೋಗ್ತೀವಿ, ಅನ್ನ ಮಾತ್ರ ಪೂರ್ತಿ ಬೇಯುತ್ತೆ. ಗುರುವಾರ ರಾತ್ರಿ ಬಾಗಿಲಿಗೆ ಒಂದು ಹಾಳೆ ಅಂಟಿಸ್ತೀನಿ. ಊಟಕ್ಕೆ ಇರೋರು ರೂಮ್ ನಂಬರ್ ಬರೀರಿ. ಬಿಸಿಬೇಳೆಬಾತ್ ವಾಸನೆ ಬರ್ತಿದೆ, ಸಮಿತಿಯವರು ನಮ್ಮ ತಲೆ ಎಣಿಸಿದ್ದಾರೋ ಇಲ್ವೋ ನೋಡೋಣ.