ಬೆಳಕನ್ನು ಕೂಡಿಸುವ ಕಲೆ



ಫೋಟೊ ಎಂದರೆ ಒಂದು ಕ್ಷಣವನ್ನು ಹಿಡಿದಿಡುವುದು ಎಂಬ ಮಾತು ಕೇಳಿಕೊಂಡೇ ನಾವೆಲ್ಲ ಬೆಳೆದಿದ್ದೇವೆ. ಗುಂಡಿ ಒತ್ತಿದರೆ ಶಟರ್ ತೆರೆಯುತ್ತದೆ, ಬೆಳಕು ಒಳಗೆ ಬೀಳುತ್ತದೆ, ಶಟರ್ ಮುಚ್ಚುತ್ತದೆ. ಅಲ್ಲಿಗೆ ಚಿತ್ರ ಮುಗಿಯಿತು. ಆದರೆ ಇವತ್ತು ನಮ್ಮ ಜೇಬಿನಲ್ಲಿರುವ ಸ್ಮಾರ್ಟ್‌ಫೋನಿನಲ್ಲಿ ಚಿತ್ರ ಹುಟ್ಟುವ ಬಗೆಯೇ ಬೇರೆ. ಅದು ಸರಸರನೆ ಹಲವು ಚಿತ್ರಗಳನ್ನು ತೆಗೆಯುತ್ತದೆ, ಒಂದರ ಮೇಲೊಂದನ್ನು ಕೂದಲೆಳೆಯಷ್ಟೂ ತಪ್ಪದಂತೆ ಹೊಂದಿಸುತ್ತದೆ, ಲೆಕ್ಕ ಹಾಕಿ ಒಂದೇ ಒಂದು ಚಿತ್ರವನ್ನು ನಮ್ಮ ಕೈಗೆ ಕೊಡುತ್ತದೆ. ಈ ವಿದ್ಯೆಗೆ ಕಂಪ್ಯುಟೇಶನಲ್ ಫೋಟೊಗ್ರಫಿ ಎಂದು ಹೆಸರು. ಇದು ಎಂಜಿನಿಯರುಗಳ ಜಾಣತನ ಎಂಬುದರಲ್ಲಿ ಸಂಶಯವಿಲ್ಲ. ಅದರ ಜೊತೆಗೆ ಇದು ಅಪ್ಪಟ ಕಲೆಯೂ ಹೌದು ಎಂದು ನಾನು ನಂಬಿದ್ದೇನೆ. ಆ ನಂಬಿಕೆಗೆ ಕಾರಣವನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

2025ರ ಜೂನ್ ತಿಂಗಳಲ್ಲಿ ಅಡೋಬಿ ಸಂಸ್ಥೆ ಐಫೋನಿಗಾಗಿ ‘ಪ್ರಾಜೆಕ್ಟ್ ಇಂಡಿಗೊ’ ಎಂಬ ಕ್ಯಾಮೆರಾ ಆ್ಯಪ್ ಹೊರತಂದಿತು. ಇದನ್ನು ರೂಪಿಸಿದವರಲ್ಲಿ ಮುಖ್ಯರು ಇಬ್ಬರು. ಒಬ್ಬರು ಮಾರ್ಕ್ ಲೆವಾಯ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದು, ಆಮೇಲೆ ಗೂಗಲ್ ಸೇರಿ ಪಿಕ್ಸೆಲ್ ಫೋನಿನ ಕ್ಯಾಮೆರಾಗೆ ಹೆಸರು ತಂದುಕೊಟ್ಟವರು. ಇನ್ನೊಬ್ಬರು ಫ್ಲೋರಿಯನ್ ಕೈನ್ಸ್. ಅಮೆರಿಕದ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯಲ್ಲಿ ಸಿನಿಮಾದ ದೃಶ್ಯಗಳಿಗಾಗಿ ದುಡಿದವರು. ಈ ಆ್ಯಪನ್ನು ಫೋನಿಗೆ ಹಾಕಿಕೊಂಡು ನಾನು ಮನೆ, ಊರು, ಕೇರಿಯೆಲ್ಲ ಓಡಾಡಿದ್ದೇನೆ. ಅದರಿಂದ ನನಗೆ ಬೆಳಕನ್ನು ನೋಡುವ ಒಂದು ಹೊಸ ಅಭ್ಯಾಸವೇ ಬಂತು.

ಮೊದಲು, ಫೋನಿಗೆ ಇಷ್ಟೆಲ್ಲ ಲೆಕ್ಕ ಯಾಕೆ ಬೇಕು ಎಂದು ನೋಡೋಣ. ಹಳೆಯ 35 ಎಂ.ಎಂ. ಫಿಲ್ಮಿನ ಒಂದು ಚೌಕಟ್ಟು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಒಳ್ಳೆಯ ಫೋನಿನ ಮುಖ್ಯ ಕ್ಯಾಮೆರಾದ ಸೆನ್ಸರ್ ಸುಮಾರು 10 ಮಿಲಿಮೀಟರ್ ಅಗಲ ಇದ್ದರೆ ದೊಡ್ಡದು. ಅಷ್ಟು ಚಿಕ್ಕ ಜಾಗದ ಮೇಲೆ ಬೀಳುವ ಬೆಳಕೂ ಕಡಿಮೆ. ಬೆಳಕು ಕಡಿಮೆಯಾದಾಗ ಚಿತ್ರದಲ್ಲಿ ಕಾಳುಕಾಳಾದ ಚುಕ್ಕೆಗಳು ಏಳುತ್ತವೆ. ಫೋಟೊದವರು ಅದನ್ನು ನಾಯ್ಸ್ ಎನ್ನುತ್ತಾರೆ, ಅಂದರೆ ಗದ್ದಲ. ಈ ಗದ್ದಲಕ್ಕೆ ಒಂದು ಗುಣವಿದೆ. ಅದೇ ದೃಶ್ಯವನ್ನು ಮತ್ತೆ ತೆಗೆದರೆ ಚುಕ್ಕೆಗಳು ಬೇರೆ ಬೇರೆ ಕಡೆ ಬೀಳುತ್ತವೆ, ದೃಶ್ಯ ಮಾತ್ರ ಇದ್ದಲ್ಲೇ ಇರುತ್ತದೆ. ಒಂದು ಭಜನೆಯನ್ನು ನೆನಪಿಸಿಕೊಳ್ಳಿ. ಹತ್ತಿಪ್ಪತ್ತು ಜನ ಒಟ್ಟಿಗೆ ಹಾಡುತ್ತಾರೆ. ಒಬ್ಬರು ಕೆಮ್ಮುತ್ತಾರೆ, ಇನ್ನೊಬ್ಬರ ಸ್ವರ ಒಡೆಯುತ್ತದೆ, ಮತ್ತೊಬ್ಬರು ಉಸಿರಿಗಾಗಿ ನಿಲ್ಲುತ್ತಾರೆ. ಆದರೂ ಕೇಳುವವರ ಕಿವಿಗೆ ಹಾಡು ಮಾತ್ರ ತಲುಪುತ್ತದೆ. ಎಲ್ಲರೂ ಹಾಡುವ ಹಾಡು ಒಂದೇ, ಕೆಮ್ಮು ಮಾತ್ರ ಅವರವರದು.

ಚಿತ್ರಗಳನ್ನು ಕೂಡಿಸಿ ಸರಾಸರಿ ತೆಗೆದಾಗಲೂ ಹೀಗೇ ಆಗುತ್ತದೆ. ನಾಲ್ಕು ಚಿತ್ರ ಸೇರಿಸಿದರೆ ಗದ್ದಲ ಅರ್ಧಕ್ಕಿಳಿಯುತ್ತದೆ, ಹದಿನಾರು ಸೇರಿಸಿದರೆ ಕಾಲುಭಾಗ ಉಳಿಯುತ್ತದೆ. ಇಂಡಿಗೊ ಒಂದು ಫೋಟೊಗೆ 32 ಫ್ರೇಮುಗಳವರೆಗೆ ಕೂಡಿಸಬಲ್ಲದು. ಹಗಲಿನಲ್ಲಿ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕ್ಯಾಮೆರಾ ತೆರೆದಿದ್ದಷ್ಟು ಹೊತ್ತೂ ಫೋನು ಫ್ರೇಮುಗಳನ್ನು ತೆಗೆಯುತ್ತ, ಹಳೆಯದನ್ನು ಬಿಡುತ್ತ ಇರುತ್ತದೆ. ನಾವು ಗುಂಡಿ ಒತ್ತಿದಾಗ, ಒತ್ತುವ ಮೊದಲೇ ಬಂದಿದ್ದ ಫ್ರೇಮುಗಳನ್ನು ಅದು ಎತ್ತಿಕೊಳ್ಳುತ್ತದೆ. ಹಾಗಾಗಿ ನಗುವ ಮಗುವಿನ ನಗು ತಪ್ಪಿಹೋಗುವುದಿಲ್ಲ.

ಹಲವು ಚಿತ್ರ ಸೇರಿಸಿ ಒಂದು ಮಾಡುವ ಆಸೆ ಹೊಸದೇನಲ್ಲ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರದ ಚಿತ್ರಗಳನ್ನು ತೆಗೆಯುತ್ತಿದ್ದ. ಆ ಕಾಲದ ಗಾಜಿನ ಪ್ಲೇಟುಗಳಿಗೆ ನೀಲಿ ಬಣ್ಣದ ಮೇಲೆ ವಿಪರೀತ ಒಲವು. ಅಲೆಗಳು ಸರಿಯಾಗಿ ಮೂಡುವಷ್ಟು ಬೆಳಕು ಕೊಟ್ಟರೆ ಆಕಾಶ ಬರೀ ಬಿಳಿ ಹಾಳೆಯಾಗುತ್ತಿತ್ತು. ಲ ಗ್ರೇ ಮೋಡಗಳಿಗೊಂದು, ನೀರಿಗೊಂದು ಎಂದು ಎರಡು ನೆಗೆಟಿವ್ ತೆಗೆದು, ದಿಗಂತದ ಗೆರೆಯಲ್ಲಿ ಅವನ್ನು ಕೂಡಿಸಿ ಒಂದೇ ಪ್ರಿಂಟ್ ಹಾಕಿದ. ಜನ ಬೆರಗಾಗಿ ನೋಡಿದರು. ನಮ್ಮ ಊರುಗಳ ಸ್ಟುಡಿಯೋಗಳ ಡಾರ್ಕ್‌ರೂಮಿನಲ್ಲೂ ಪ್ರಿಂಟ್ ಹಾಕುವವರು ಸುಮ್ಮನೆ ನಿಂತಿರುತ್ತಿರಲಿಲ್ಲ. ಎನ್ಲಾರ್ಜರಿನ ಬೆಳಕಿಗೆ ಅಂಗೈ ಅಡ್ಡ ಹಿಡಿದು ಮುಖವನ್ನು ತುಸು ತಿಳಿ ಮಾಡುವುದು, ಕಾಗದಕ್ಕೊಂದು ತೂತು ಮಾಡಿ ಅದರ ಮೂಲಕ ಆಕಾಶಕ್ಕೆ ಎರಡು ಸೆಕೆಂಡು ಹೆಚ್ಚು ಬೆಳಕು ಕೊಡುವುದು ಅವರ ದಿನನಿತ್ಯದ ಕೈಚಳಕ. ಆ ಅಂಗೈಯ ಕೆಲಸವನ್ನೇ ಈಗ ಫೋನಿನ ಒಳಗಿನ ಲೆಕ್ಕ ಮಾಡುತ್ತಿದೆ.

ಒಂದು ಮಧ್ಯಾಹ್ನದ ಚಿತ್ರವನ್ನು ನಿಮಗೆ ಬಣ್ಣಿಸುತ್ತೇನೆ. ಮಲೆನಾಡಿನ ಒಂದು ತೊಟ್ಟಿಮನೆ. ನಡುವೆ ತೆರೆದ ತೊಟ್ಟಿ, ಅಲ್ಲಿ ನೆತ್ತಿಯ ಮೇಲಿನ ಬಿಸಿಲು ನೇರ ಬಿದ್ದಿದೆ. ಬೇಯಿಸಿದ ಅಡಿಕೆ ಒಣಗಲು ಹರಡಿದೆ. ಪಕ್ಕದಲ್ಲಿ ಒಂದು ಹಿತ್ತಾಳೆಯ ಹಂಡೆ ಕಣ್ಣು ಕೋರೈಸುತ್ತಿದೆ. ಆಚೆಯ ಜಗಲಿಯ ಕತ್ತಲಲ್ಲಿ ಅಜ್ಜಿಯೊಬ್ಬರು ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಯಾವ ಕ್ಯಾಮೆರಾಗಾದರೂ ಇದು ಕಷ್ಟದ ಪರೀಕ್ಷೆ. ಅಜ್ಜಿಯ ಮುಖ ಕಾಣುವಂತೆ ತೆಗೆದರೆ ತೊಟ್ಟಿ ಸುಣ್ಣ ಬಳಿದಂತಾಗುತ್ತದೆ. ತೊಟ್ಟಿ ಚೆನ್ನಾಗಿ ಬರಲಿ ಎಂದರೆ ಅಜ್ಜಿ ಕತ್ತಲಲ್ಲಿ ಕರಗಿಹೋಗುತ್ತಾರೆ. ಇಂಡಿಗೊ ಏನು ಮಾಡುತ್ತದೆ ಎಂದರೆ, ಪ್ರತಿಯೊಂದು ಫ್ರೇಮನ್ನೂ ಬೇಕೆಂದೇ ಕಡಿಮೆ ಬೆಳಕಿನಲ್ಲಿ ತೆಗೆಯುತ್ತದೆ. ಹಂಡೆಯ ಹೊಳಪು ಸುಟ್ಟುಹೋಗದೆ ಉಳಿಯುತ್ತದೆ. ಬಹಳಷ್ಟು ಫ್ರೇಮುಗಳನ್ನು ಕೂಡಿಸಿದ್ದರಿಂದ ಕತ್ತಲಿನ ಭಾಗದ ಗದ್ದಲ ಅಡಗುತ್ತದೆ, ಆಮೇಲೆ ಆ ಭಾಗವನ್ನು ನಿಧಾನವಾಗಿ ಮೇಲೆತ್ತಬಹುದು.

ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹಂಡೆಯ ಕಂಠದ ಮೇಲೆ ಸೂರ್ಯನ ಬಿಂಬ ಒಂದು ಸಣ್ಣ ಗುಂಡುಚುಕ್ಕೆಯಾಗಿ ನಿಂತಿತ್ತು. ಅದರ ಸುತ್ತ ಹಿತ್ತಾಳೆಯ ಹಳದಿ ಹಾಗೇ ಇತ್ತು. ಅಜ್ಜಿಯ ಹತ್ತಿ ಸೀರೆಯ ಅಂಚಿನ ಗೆರೆಗಳು ಒಂದೊಂದಾಗಿ ಎಣಿಸಲು ಬರುತ್ತಿದ್ದವು. ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಇನ್ನೊಂದು. ಜಗಲಿ ಜಗಲಿಯ ಹಾಗೇ ನೆರಳಾಗಿತ್ತು. ಅಜ್ಜಿ ಕಾಣುತ್ತಿದ್ದರು, ಆದರೆ ಬಿಸಿಲಿನಲ್ಲಿ ಕೂತವರಂತೆ ಕಾಣುತ್ತಿರಲಿಲ್ಲ. ಫೋನಿನ ಫೋಟೊಗಳಲ್ಲಿ ನೆರಳನ್ನೆಲ್ಲ ಎಳೆದು ಬೆಳಗಿಸಿ, ಬಣ್ಣಗಳನ್ನು ಗಾಢ ಮಾಡಿ, ಅಂಚುಗಳನ್ನು ಚೂಪು ಮಾಡಿದ ನೋಟ ನಮಗೆಲ್ಲ ಪರಿಚಿತ. ದೊಡ್ಡ ಕ್ಯಾಮೆರಾದಲ್ಲಿ ತೆಗೆದಂಥ ಸಹಜ ನೋಟ ಬರಬೇಕೆಂಬುದು ಈ ಆ್ಯಪ್ ಮಾಡಿದವರ ಹಟ. ಆ ಹಟದಲ್ಲಿ ರುಚಿಯಿದೆ.

ಇನ್ನು ಜೂಮ್ ವಿಷಯ. ದೇವಸ್ಥಾನದ ಗೋಪುರದ ಮೇಲಿನ ಗಾರೆಯ ಬೊಂಬೆಯೊಂದನ್ನು ಕೆಳಗೆ ನಿಂತು ಜೂಮ್ ಮಾಡಿ ತೆಗೆಯುವಾಗ ನಮಗೆ ಕೈ ನಡುಗುವುದೇ ಚಿಂತೆ. ಕೈ ನಡುಗಬಾರದು ಎಂಬುದು ಫೋಟೊಗ್ರಫಿಯ ಮೊದಲ ಪಾಠ. ಆದರೆ ಇಲ್ಲಿ ಆ ನಡುಕವೇ ನೆರವಿಗೆ ಬರುತ್ತದೆ. ಸೆನ್ಸರಿನ ಪ್ರತಿಯೊಂದು ಪಿಕ್ಸೆಲ್ ಒಂದೇ ಬಣ್ಣವನ್ನು ಅಳೆಯುತ್ತದೆ. ಅರ್ಧ ಪಿಕ್ಸೆಲ್‌ಗಳು ಹಸಿರಿಗೆ, ಕಾಲುಭಾಗ ಕೆಂಪಿಗೆ, ಕಾಲುಭಾಗ ನೀಲಿಗೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ರೂಪಿಸಿ, 1976ರಲ್ಲಿ ಪೇಟೆಂಟ್ ಆದ ಜೋಡಣೆ ಇದು. ಉಳಿದ ಎರಡು ಬಣ್ಣಗಳನ್ನು ಕ್ಯಾಮೆರಾ ಅಕ್ಕಪಕ್ಕ ನೋಡಿ ಊಹಿಸಿಕೊಳ್ಳುತ್ತದೆ. ಕೈ ಚೂರು ಅಲುಗಿದಾಗ, ಮೊದಲು ಕೆಂಪು ಪಿಕ್ಸೆಲ್ ಇದ್ದ ಜಾಗಕ್ಕೆ ಮುಂದಿನ ಫ್ರೇಮಿನಲ್ಲಿ ಹಸಿರು ಪಿಕ್ಸೆಲ್ ಬರುತ್ತದೆ. ಹೀಗೆ ಹಲವು ಫ್ರೇಮುಗಳು ಸೇರಿದರೆ ಊಹೆಯ ಜಾಗದಲ್ಲಿ ನಿಜವಾದ ಅಳತೆ ಕೂರುತ್ತದೆ, ಎರಡು ಪಿಕ್ಸೆಲ್‌ಗಳ ನಡುವಿನ ವಿವರವೂ ಸಿಗುತ್ತದೆ. ಲೆವಾಯ್ ಇದ್ದ ಗೂಗಲ್ ತಂಡ 2018ರಲ್ಲಿ ಪಿಕ್ಸೆಲ್ 3 ಫೋನಿನಲ್ಲಿ ಇದನ್ನು ತಂದಾಗ, ಫೋನನ್ನು ಟ್ರೈಪಾಡ್ ಮೇಲೆ ಗಟ್ಟಿಯಾಗಿ ನಿಲ್ಲಿಸಿದರೆ ಲೆನ್ಸನ್ನು ತಾನೇ ಮೆಲ್ಲಗೆ ಅಲುಗಿಸುವ ಏರ್ಪಾಡು ಮಾಡಿತ್ತು! ನಡುಗದ ಕೈಗೆ ನಡುಕವನ್ನು ಕಲಿಸಿದ ಈ ಯೋಚನೆಗೆ ನಾನು ತಲೆದೂಗುತ್ತೇನೆ. ಇಂಡಿಗೊದ ಜೂಮ್ ಕೂಡ ಇದೇ ದಾರಿಯದು. ಬೊಂಬೆಯ ಕಿರೀಟದಲ್ಲಿ ಕಾಣುವ ಗೀರು ಅಲ್ಲಿ ನಿಜವಾಗಿ ಇರುವ ಗೀರು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿ ಮಾಡಿದ ಚಿತ್ರ ನಿಜವೇ? ನನ್ನ ಉತ್ತರ ಸ್ಪಷ್ಟವಾಗಿದೆ. ದೃಶ್ಯದಿಂದ ಬಂದ ಬೆಳಕನ್ನೇ ಮತ್ತೆ ಮತ್ತೆ ಅಳೆದು ಕೂಡಿಸಿದರೆ ಅದು ಒಂದೇ ಫ್ರೇಮಿಗಿಂತ ಹೆಚ್ಚು ನಿಜ. ದೃಶ್ಯದಲ್ಲಿ ಇಲ್ಲದ ರೆಪ್ಪೆಗೂದಲನ್ನು, ಎಲೆಯನ್ನು, ಮೋಡವನ್ನು ಯಂತ್ರ ತಾನಾಗಿ ಊಹಿಸಿ ಬರೆದರೆ ಅದು ಬೇರೆ ವಿದ್ಯೆ. ಎರಡೂ ಒಂದೇ ಫೋನಿನಲ್ಲಿ ಇರಬಹುದು, ಒಂದೇ ಹೊತ್ತಿನಲ್ಲಿ ಕೆಲಸ ಮಾಡಬಹುದು. ಬಳಸುವವರು ಮಾತ್ರ ಇವೆರಡನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು, ಯಾವುದು ಎಲ್ಲಿ ಬೇಕು ಎಂದು ಕೇಳಿಕೊಳ್ಳಬೇಕು.

ರಾತ್ರಿಯ ಚಿತ್ರಗಳಲ್ಲಿ ಈ ಕಲೆ ತನ್ನ ತುದಿಯನ್ನು ಮುಟ್ಟುತ್ತದೆ. ಗೂಗಲ್‌ನಲ್ಲಿದ್ದಾಗ ಫ್ಲೋರಿಯನ್ ಕೈನ್ಸ್ ಮಾಡಿದ ಪ್ರಯೋಗವೊಂದರ ವಿವರ 2017ರಲ್ಲಿ ಪ್ರಕಟವಾಯಿತು. ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲಿ ಪಾಯಿಂಟ್ ರೇಯಸ್ ಎಂಬಲ್ಲಿ ಒಂದು ದೀಪಸ್ತಂಭವಿದೆ. ಅವರು ರಾತ್ರಿ ಅಲ್ಲಿಗೆ ಹೋಗಿ, ಫೋನನ್ನು ಟ್ರೈಪಾಡಿಗೆ ಕೂರಿಸಿ, 32 ಫ್ರೇಮುಗಳನ್ನು ತೆಗೆದರು. ಆಮೇಲೆ ಲೆನ್ಸಿಗೆ ಬೆಳಕು ತೂರದ ಟೇಪ್ ಅಂಟಿಸಿ, ಬರೀ ಕತ್ತಲಿನ ಫ್ರೇಮುಗಳನ್ನೂ ತೆಗೆದರು. ಕತ್ತಲಿನ ಫೋಟೊ ಯಾಕೆ? ಸೆನ್ಸರಿಗೆ ತನ್ನದೇ ಆದ ಕಲೆಗಳಿರುತ್ತವೆ. ಬೆಳಕೇ ಇಲ್ಲದಾಗಲೂ ಅವು ಅದೇ ಜಾಗದಲ್ಲಿ ಮೂಡುತ್ತವೆ, ಹಾಗಾಗಿ ಕೂಡಿಸುವುದರಿಂದ ಅವು ಹೋಗುವುದಿಲ್ಲ. ಕತ್ತಲಿನ ಚಿತ್ರದಿಂದ ಅವನ್ನು ಅಳೆದು, ಕಳೆಯಬೇಕು. ಆ ತಾಳ್ಮೆಯ ಕೆಲಸದಿಂದ ಬಂದ ಚಿತ್ರ, ಅಂಗೈಯಗಲದ ಫೋನಿನಿಂದ ಏನೆಲ್ಲ ಸಾಧ್ಯ ಎಂದು ತೋರಿಸಿತು. ಮರುವರ್ಷ ಪಿಕ್ಸೆಲ್ ಫೋನುಗಳಲ್ಲಿ ‘ನೈಟ್ ಸೈಟ್’ ಬಂತು.

ಕತ್ತಲಲ್ಲಿ ಕಾಣುವ ಶಕ್ತಿ ಬಂದ ಕೂಡಲೇ ಇನ್ನೊಂದು ಸಮಸ್ಯೆ ಎದುರಾಯಿತು. ನಡುರಾತ್ರಿಯ ಚಿತ್ರ ನಡುಹಗಲಿನ ಹಾಗೆ ಬರತೊಡಗಿತು! ಅದಕ್ಕೆ ಲೆವಾಯ್ ತಂಡ ಉತ್ತರ ಹುಡುಕಿದ್ದು ಚಿತ್ರಕಲೆಯಲ್ಲಿ. ಅವರು ಉದಾಹರಿಸಿದ್ದು ಇಂಗ್ಲೆಂಡಿನ ಜೋಸೆಫ್ ರೈಟ್ 1766ರಲ್ಲಿ ಬರೆದ ಒಂದು ಚಿತ್ರವನ್ನು. ಗ್ರಹಗಳ ಚಲನೆ ತೋರಿಸುವ ಯಂತ್ರದ ನಡುವೆ ಸೂರ್ಯನ ಬದಲು ಒಂದು ದೀಪವಿದೆ. ಸುತ್ತ ನಿಂತ ಮಕ್ಕಳ, ದೊಡ್ಡವರ ಮುಖಗಳು ಬೆಳಗುತ್ತಿವೆ. ಕೋಣೆಯ ಉಳಿದ ಭಾಗವೆಲ್ಲ ಕಪ್ಪು. ರಾತ್ರಿ ಎಂದು ನೋಡುವವರಿಗೆ ತಿಳಿಯುವುದು ಆ ಕಪ್ಪಿನಿಂದ. ಎಂಜಿನಿಯರುಗಳು ಅದೇ ಉಪಾಯವನ್ನು ಲೆಕ್ಕಕ್ಕೆ ತಂದರು. ನೆರಳನ್ನು ನೆರಳಾಗಿಯೇ ಬಿಡಲು ಯಂತ್ರಕ್ಕೆ ಹೇಳಿಕೊಟ್ಟರು.

ಇಲ್ಲಿ ನನಗೆ ನಮ್ಮ ಮೈಸೂರಿನ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ನೆನಪಾಗುತ್ತಾರೆ. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಅವರು ಕನ್ನಡಿಗಳನ್ನಿಟ್ಟು ಹೊರಗಿನ ಬಿಸಿಲನ್ನು ಸ್ಟುಡಿಯೋದೊಳಗೆ ತಿರುಗಿಸಿ, ಒಂದು ಬೆಳಕಿನ ಕೋಲನ್ನು ಮೇಲಿಂದ ಇಳಿಸಿದರು. ಆ ಕೋಲು ಅಷ್ಟು ಎದ್ದು ಕಾಣುವುದು ಸುತ್ತಲಿನ ಕತ್ತಲನ್ನು ಅವರು ಮುಟ್ಟದೆ ಬಿಟ್ಟಿದ್ದರಿಂದ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಈ ಛಾಯಾಗ್ರಾಹಕರ ದೊಡ್ಡ ಪಾಠವೆಂದು ನಾನು ತಿಳಿದಿರುವುದು ಇದನ್ನೇ. ಎಲ್ಲಿ ಬೆಳಕು ಬೇಡ ಎಂದು ತಿಳಿದವರಿಗೆ ಎಲ್ಲಿ ಬೇಕು ಎಂಬುದೂ ತಿಳಿಯುತ್ತದೆ.

ಕಾರ್ತಿಕದ ಒಂದು ಸಂಜೆ ತುಳಸಿಕಟ್ಟೆಯ ಹಣತೆಯನ್ನು ಈ ಆ್ಯಪಿನಲ್ಲಿ ತೆಗೆದೆ. ಕುಡಿಯ ನಡುವಿನ ಹಳದಿ, ಬುಡದ ನೀಲಿ, ಕಟ್ಟೆಯ ಕಲ್ಲಿನ ಒರಟು ಎಲ್ಲವೂ ಬಂದವು. ಹಿಂದಿನ ತೋಟ ಕತ್ತಲಾಗಿಯೇ ಉಳಿಯಿತು. ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಒಂದು ವಿಶೇಷ ಕಂಡಿತು. ಕಟ್ಟೆಯ ಕಲ್ಲಿನ ಮೇಲೆ ಗದ್ದಲದ ಕಾಳುಗಳಿಲ್ಲ, ಗಾಳಿಗೆ ಅಲುಗಿದ ತುಳಸಿಯ ಎಲೆಗಳ ಮೇಲೆ ಮಾತ್ರ ಸಣ್ಣ ಕಾಳುಗಳಿವೆ. ಕಾರಣ ಸರಳ. ಕಲ್ಲು ಎಲ್ಲ ಫ್ರೇಮುಗಳಲ್ಲೂ ಒಂದೇ ಕಡೆ ಇತ್ತು, ಎಲ್ಲವನ್ನೂ ಕೂಡಿಸಬಹುದಾಗಿತ್ತು. ಎಲೆ ಒಂದೊಂದರಲ್ಲಿ ಒಂದೊಂದು ಕಡೆ. ಹೊಂದದ ಫ್ರೇಮುಗಳನ್ನು ಬಲವಂತವಾಗಿ ಸೇರಿಸಿದರೆ ಎಲೆಗೆ ನಾಲ್ಕಾರು ನೆರಳು ಮೂಡುತ್ತವೆ. ಅದಕ್ಕೇ ಲೆಕ್ಕ ಅಲ್ಲಿ ಹಿಂದೆ ಸರಿಯುತ್ತದೆ, ಹೊಂದಿದ ಕೆಲವನ್ನಷ್ಟೇ ತೆಗೆದುಕೊಳ್ಳುತ್ತದೆ. ಆ ಕಾಳುಗಳು ನನಗೆ ಕೊರತೆಯಾಗಿ ಕಾಣಲಿಲ್ಲ. ಆ ಸಂಜೆ ಗಾಳಿ ಇತ್ತು ಎಂದು ಅವು ಹೇಳುತ್ತಿದ್ದವು.

ನಿಮ್ಮ ಫೋನು ಯಾವುದೇ ಇರಲಿ, ಆ್ಯಪ್ ಯಾವುದೇ ಇರಲಿ, ಈ ವಿದ್ಯೆ ಅದರಲ್ಲಿ ಒಂದಿಷ್ಟಾದರೂ ಇದ್ದೇ ಇರುತ್ತದೆ. ಅದರ ಸೊಗಸನ್ನು ಕಾಣಲು ಕೆಲವು ಸಣ್ಣ ಅಭ್ಯಾಸಗಳು ಸಾಕು. ಲೆನ್ಸನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ರಾತ್ರಿಯ ಚಿತ್ರಕ್ಕೆ ಕಂಬಕ್ಕೋ ಗೋಡೆಗೋ ಒರಗಿ ನಿಲ್ಲಿ, ಫ್ರೇಮುಗಳು ಸೇರುವವರೆಗೆ ಉಸಿರು ಹಿಡಿದು ಕಾಯಿರಿ. ಎಕ್ಸ್‌ಪೋಶರನ್ನು ಸ್ವಲ್ಪ ಇಳಿಸಿ, ನೆರಳಿಗೆ ಜಾಗ ಕೊಡಿ. ಆ್ಯಪಿನಲ್ಲಿ ಲಾಂಗ್ ಎಕ್ಸ್‌ಪೋಶರ್ ಇದ್ದರೆ ಹಳ್ಳದ ನೀರಿನ ಮುಂದೆ ಪ್ರಯತ್ನಿಸಿ. ಬಂಡೆ ಚೂಪಾಗಿ ನಿಂತು ನೀರು ಮಾತ್ರ ರೇಷ್ಮೆಯಾಗುವುದನ್ನು ಹಿಂದೆ ಕಪ್ಪು ಫಿಲ್ಟರು, ಟ್ರೈಪಾಡು ಹೊತ್ತವರಷ್ಟೇ ಕಾಣುತ್ತಿದ್ದರು.

ಕ್ಯಾಮೆರಾದ ಒಳಗಿನ ಲೆಕ್ಕ ಎಷ್ಟೇ ಬೆಳೆಯಲಿ, ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ಹೋಗಬೇಕು, ಯಾರ ಮುಖವನ್ನು ನೋಡಬೇಕು ಎಂಬ ತೀರ್ಮಾನ ನಮ್ಮದೇ. ಎಷ್ಟು ಕತ್ತಲು ಉಳಿಯಬೇಕು ಎಂಬ ತೀರ್ಮಾನವನ್ನು ಮಾತ್ರ ನಾವೂ ಆ್ಯಪ್ ಮಾಡಿದವರೂ ಹಂಚಿಕೊಂಡಿದ್ದೇವೆ. ಹಿಂದೆ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಹಾಕುವವರ ಹೆಸರು ಯಾರೂ ಕೇಳುತ್ತಿರಲಿಲ್ಲ. ಇಂದು ನಮ್ಮ ಒಂದೊಂದು ಫೋಟೊದ ಹಿಂದೆಯೂ ಬೆಳಕನ್ನು ಪ್ರೀತಿಸಿದ ಅಂಥ ಹಲವರ ಶ್ರಮವಿದೆ. ಒಳ್ಳೆಯ ಚಿತ್ರವೊಂದು ಕೈಗೆ ಬಂದಾಗ ಅದರಲ್ಲಿ ಅವರ ಪಾಲೂ ಇದೆ ಎಂದು ಒಪ್ಪಿಕೊಳ್ಳೋಣ, ಮತ್ತು ನಮ್ಮ ಪಾಲಿನ ಕೆಲಸವನ್ನು, ಅಂದರೆ ಕಣ್ಣು ತೆರೆದು ನೋಡುವುದನ್ನು, ಇನ್ನಷ್ಟು ಚೆನ್ನಾಗಿ ಮಾಡೋಣ.