ಹೂಗಿಡಗಳು ಮತ್ತು ಸಾಕುಪ್ರಾಣಿಗಳು



ಕಣಗಿಲೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಇದೇ ಗಿಡವು ಮುಂಬಯಿ, ಪುಣೆಗಳಲ್ಲಿ ಕಣ್ಹೇರ್, ಹೈದರಾಬಾದಿನಲ್ಲಿ ಗನ್ನೇರು, ದೆಹಲಿಯಲ್ಲಿ ಕನೇರ್ ಎನಿಸಿಕೊಳ್ಳುತ್ತದೆ. ಚೆನ್ನೈನಲ್ಲಿ ಇದರ ಹೆಸರು ಅರಳಿ. ಭಾಷಾಂತರವನ್ನೇ ವೃತ್ತಿಯಾಗಿ ಉಳ್ಳ ನನಗೆ ಈ ಕೊನೆಯ ಹೆಸರು ವಿಶೇಷವಾಗಿ ಗಮನಾರ್ಹವೆನಿಸುತ್ತದೆ. ಕನ್ನಡದ ಅರಳಿ ಅಶ್ವತ್ಥವೃಕ್ಷ. ಅದರ ಎಲೆಯನ್ನು ಮೇಕೆಗಳಿಗೆ ಮೇವಾಗಿ ಹಾಕುವುದುಂಟು. ತಮಿಳಿನ ಅರಳಿಯಾದರೋ ಬೇರು, ತೊಗಟೆ, ಎಲೆ, ಹೂವುಗಳೆಲ್ಲದರಲ್ಲಿಯೂ ವಿಷವುಳ್ಳದ್ದು. ಅಪರಿಚಿತ ಊರಿನಲ್ಲಿ ಗಿಡದ ಹೆಸರನ್ನು ಕೇಳಿ ತಿಳಿದರೆ ಸಾಲದು, ಗಿಡವನ್ನೇ ಕಂಡು ಗುರುತಿಸಬೇಕು.

ಕಣಗಿಲೆಯ ವಿಷವು ನೇರವಾಗಿ ಹೃದಯವನ್ನು ಬಾಧಿಸುತ್ತದೆ. ಹೃದಯದ ಬಡಿತ ಕ್ರಮ ತಪ್ಪುತ್ತದೆ. ಭೇದಿ, ನಿತ್ರಾಣಗಳು ಕಾಣಿಸಿಕೊಳ್ಳುತ್ತವೆ. ಕೆಲವೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ ಪ್ರಾಣಿ ಕುಸಿದು ಬೀಳುತ್ತದೆ. ಒಂದು ಹಿಡಿಯಷ್ಟು ಒಣ ಎಲೆ ದೊಡ್ಡ ಹಸುವಿನ ಪ್ರಾಣಕ್ಕೂ ಎರವಾಗಬಲ್ಲದು. ಹಾಗಿದ್ದರೂ ಹೆದ್ದಾರಿಗಳ ನಡುವೆ ಇದನ್ನು ಸಾಲಾಗಿ ಬೆಳೆಸುತ್ತಾರೆ. ಬೇರುಬಿಟ್ಟು ನಿಂತ ಗಿಡವನ್ನು ಅದರ ಕಹಿಯಿಂದಾಗಿ ದನಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಪಾಯವಿರುವುದು ಕತ್ತರಿಸಿದ ಕೊಂಬೆಗಳಲ್ಲಿ. ಎಲೆ ಒಣಗಿದರೂ ವಿಷ ಹೋಗುವುದಿಲ್ಲ. ಸವರಿದ ಹುಲ್ಲಿನೊಡನೆ ಅದು ಬೆರೆತಾಗ ಹಸಿದ ಪಶುವು ಬೇರ್ಪಡಿಸಿ ತಿನ್ನಲಾರದು. ನಗರದ ವಸತಿ ಸಂಕೀರ್ಣಗಳಲ್ಲಿ ಬೇಲಿಯನ್ನು ಸವರಿದ ಕಸವನ್ನು ಗೇಟಿನ ಹೊರಗೆ ರಾಶಿ ಹಾಕುವ ಪದ್ಧತಿ ಇದೆ. ಬೀದಿಯ ದನಗಳು ಬರುವುದೂ ಅಲ್ಲಿಗೇ. ದೇವರಿಗೆ ಏರಿಸಿದ ಕಣಗಿಲೆ ಹೂವಿನ ನಿರ್ಮಾಲ್ಯದ ವಿಷಯವೂ ಇಷ್ಟೇ. ಅದನ್ನು ಹಸುವಿನ ಮುಂದೆ ಇಡುವುದು ಪುಣ್ಯಕಾರ್ಯವಲ್ಲ. ಮಣ್ಣಿನಲ್ಲಿ ಹೂಳುವುದೇ ಯೋಗ್ಯ.

ಊರಿನಲ್ಲಿ ಜಾನುವಾರುಗಳನ್ನು ಉಳ್ಳ ಬಂಧುಗಳು ಲಂಟಾನವನ್ನು ಬಲ್ಲರು. ಮಹಾರಾಷ್ಟ್ರದಲ್ಲಿ ಇದನ್ನು ಘಾಣೇರಿ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ತರಲಾದ ಈ ಅಮೆರಿಕಾ ಖಂಡದ ಗಿಡ ಇಂದು ನಮ್ಮ ಕಾಡುಗಳನ್ನೇ ಆವರಿಸಿದೆ. ಬರಗಾಲದಲ್ಲಿ ಬೇರೆ ಹಸಿರು ಸಿಗದಾಗ ದನ, ಕುರಿಗಳು ಇದಕ್ಕೆ ಬಾಯಿ ಹಾಕುತ್ತವೆ. ವಿಷವು ಯಕೃತ್ತನ್ನು ಕೆಡಿಸುತ್ತದೆ. ಕಾಮಾಲೆಯಾಗಿ ಕಣ್ಣು ಹಳದಿಯಾಗುತ್ತದೆ. ಮೇವಿನ ಹಸಿರಿನಿಂದ ಹುಟ್ಟುವ ಒಂದು ಪದಾರ್ಥವು ಪಿತ್ತದೊಡನೆ ಹೊರಹೋಗದೆ ರಕ್ತದಲ್ಲಿ ಉಳಿಯುವುದರಿಂದ, ಬಿಸಿಲು ತಾಗಿದ ಕಡೆ, ಮುಖ್ಯವಾಗಿ ಬಿಳಿಯ ಬಣ್ಣದ ಭಾಗಗಳಲ್ಲಿ, ಚರ್ಮ ಊದಿ ಬಿರಿಯುತ್ತದೆ. ಇದನ್ನು ಕೇವಲ ಚರ್ಮರೋಗವೆಂದು ಭಾವಿಸಿ ಮುಲಾಮು ಹಚ್ಚುತ್ತ ಕುಳಿತರೆ ಕಾಲ ಮೀರುತ್ತದೆ. ಹೊಟ್ಟೆಯ ಚಲನೆ ನಿಂತು, ತಿಂದ ಎಲೆ ಒಳಗೇ ಉಳಿದು ವಿಷವನ್ನು ಬಿಡುತ್ತಲೇ ಇರುತ್ತದೆ. ಪಶುವನ್ನು ಕೂಡಲೇ ನೆರಳಿಗೆ ಕಟ್ಟಿ ವೈದ್ಯರನ್ನು ಕರೆಸಬೇಕು.

ಮಹಡಿಮನೆಗಳಲ್ಲಿ ಬೆಕ್ಕು, ನಾಯಿಗಳನ್ನು ಸಾಕುವವರು ಹೂಗುಚ್ಛಗಳ ಬಗ್ಗೆ ಎಚ್ಚರದಿಂದಿರಬೇಕು. ಲಿಲ್ಲಿ ಹೂವಿನ ಪರಾಗ ಮೈಗೆ ಅಂಟಿ, ಬೆಕ್ಕು ಅದನ್ನು ನೆಕ್ಕಿಕೊಂಡರೂ ಸಾಕು, ಎರಡು ಮೂರು ದಿನಗಳಲ್ಲಿ ಮೂತ್ರಪಿಂಡಗಳು ವಿಫಲವಾಗಬಹುದು. ಬೆಕ್ಕಿರುವ ಮನೆಗೆ ಈ ಹೂವನ್ನು ತಾರದಿರುವುದೇ ಲೇಸು. ಪೀಸ್ ಲಿಲ್ಲಿ ಎಂಬ ಕುಂಡದ ಗಿಡ ಈ ಜಾತಿಯದಲ್ಲ; ಅದೂ, ಬಿಳಿ ಚುಕ್ಕೆಗಳುಳ್ಳ ಅಗಲ ಎಲೆಯ ಡೈಫನ್‌ಬೇಕಿಯವೂ ಸೂಜಿಯಂಥ ಹರಳುಗಳಿಂದ ಬಾಯಿ, ನಾಲಗೆಗಳನ್ನು ಊದಿಸಿ ನೋವುಂಟುಮಾಡುತ್ತವೆ. ಅಂಗಳದ ಸೈಕಸ್ ಇವೆರಡಕ್ಕಿಂತ ಘೋರ. ಅದರ ಬೀಜವನ್ನು ಅಗಿದ ನಾಯಿಯ ಯಕೃತ್ತು ನಾಶವಾಗುವ ಸಂಭವವಿದೆ.

ಪ್ರಾಣಿ ವಿಷದ ಗಿಡವನ್ನು ತಿಂದಿದೆಯೆಂಬ ಸಂಶಯ ಬಂದರೆ, ರೋಗಲಕ್ಷಣಗಳಿಗಾಗಿ ಕಾಯಬಾರದು. ಗೊಟ್ಟದಲ್ಲಿ ಎಣ್ಣೆ, ಕಷಾಯ ಸುರಿಯುವುದೂ, ವಾಂತಿಗೆಂದು ಉಪ್ಪುನೀರು ಕುಡಿಸುವುದೂ ಬೇಡ. ನಿತ್ರಾಣಗೊಂಡ ಪ್ರಾಣಿಯಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಯಲ್ಲಿ ಉಳಿದ ಎಲೆಯನ್ನು ತೆಗೆದು, ತಿಂದ ಗಿಡದ ಒಂದು ರೆಂಬೆಯನ್ನು ಚೀಲದಲ್ಲಿ ಹಾಕಿಕೊಂಡು, ತಿಂದ ವೇಳೆಯನ್ನು ಬರೆದುಕೊಂಡು ಪಶುವೈದ್ಯರಲ್ಲಿಗೆ ಹೋಗಬೇಕು. ಜಾನುವಾರುಗಳನ್ನು ಸಾಗಿಸಲಾಗದಿದ್ದಲ್ಲಿ, ಹಲವು ರಾಜ್ಯಗಳಲ್ಲಿ 1962 ಸಂಖ್ಯೆಗೆ ಉಚಿತವಾಗಿ ದೂರವಾಣಿ ಕರೆ ಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಮನೆಬಾಗಿಲಿಗೆ ಕರೆಸಿಕೊಳ್ಳಬಹುದು. ಆಗ ಗಿಡದ ಹೆಸರನ್ನು ಆಯಾ ಊರಿನ ಭಾಷೆಯಲ್ಲಿಯೇ ತಿಳಿಸಿರಿ.